ನಕ್ಷೆ ಯಾರ ಕೈಯಲ್ಲಿರಬೇಕು?

ಘಟ್ಟದ ಮೇಲಿನ ನಮಗೂ ಕಡಲ ತಡಿಯ ಮಂಗಳೂರಿಗೂ ನಂಟು ಹಳೆಯದು. ಮೂಡಿಗೆರೆ, ಕಳಸದ ತೋಟಗಳ ಕಾಫಿ ಘಾಟಿಯಿಳಿದು, ಅಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಸನಾಗಿ, ಬಂದರದಲ್ಲಿ ಹಡಗು ಹತ್ತುತ್ತಿತ್ತು. ಆ ಊರಿನ ಹಳೆಯ ಸರ್ವೆ ನಕ್ಷೆಯಲ್ಲಿ ನಮ್ಮ ಚರಿತ್ರೆಯೂ ಅಡಗಿದೆ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದು ಕೆನರಾ ಸೀಮೆ ಕಂಪನಿ ಸರ್ಕಾರದ ಪಾಲಾಯಿತು. 1802ರಲ್ಲಿ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದರಾಸಿನ ಬಳಿ ಸರಪಳಿ ಹಿಡಿದು ಅಳತೆ ಆರಂಭಿಸಿ, ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿಯುತ್ತ ಮಂಗಳೂರಿನ ಕರಾವಳಿಯನ್ನು ಮುಟ್ಟಿದನು. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗವೂ ಅವನ ಅಳತೆಯ ಠಾಣೆಯಾಗಿತ್ತು. ಹಿಂದಿನ ನಕ್ಷೆಗಳಲ್ಲಿ ಸುಮಾರು 400 ಮೈಲಿಯಿದ್ದ ಮದರಾಸು-ಮಂಗಳೂರು ಅಂತರ 360 ಮೈಲಿಯೆಂದು ತಿಳಿದುಬಂತು. ವಿದ್ಯೆ ದೊಡ್ಡದು, ಒಪ್ಪೋಣ. ಆದರೆ ಅದರ ಫಲ ಮೊದಲು ಸಂದದ್ದು ದಂಡಿಗೆ, ಕಂದಾಯಕ್ಕೆ, ವ್ಯಾಪಾರದ ಕೋಠಿಗಳಿಗೆ.

ಆಮೇಲಿನ ನಕ್ಷೆಗಳಲ್ಲಿ ನೇತ್ರಾವತಿ-ಗುರುಪುರ ನದಿಗಳ ಅಳಿವೆಯಿದೆ, ಬಂದರವಿದೆ, ಇಗರ್ಜಿಯಿದೆ, 1907ರಲ್ಲಿ ಬಂದ ರೈಲಿದೆ. 1865ರಲ್ಲಿ ಬಾಸೆಲ್ ಮಿಷನ್ ತೆರೆದ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರ, ಬಂದರದಲ್ಲಿ ಮೂಟೆ ಹೊತ್ತವರ ಗುರುತು ಎಲ್ಲಿದೆ?

ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ, ಕಡಲಿನಿಂದ ಸುಮಾರು 50 ಮೈಲಿಯೊಳಗಿನ ಸೀಮೆಯ ನಕ್ಷೆ ಸಾಮಾನ್ಯ ಜನರಿಗೆ ನಿರ್ಬಂಧಿತವಾಗಿತ್ತು. ಕಳಸವೂ ಆ ಪಟ್ಟಿಯೊಳಗೇ ಬರುತ್ತದೆ. 2005ರ ನಕ್ಷೆ ನೀತಿಯಿಂದ ಬಿಗಿ ಸಡಿಲವಾಯಿತು. 2021ರಲ್ಲಿ ಇನ್ನಷ್ಟು ಸಡಿಲವಾಯಿತು. ಇದು ಪಂಡಿತರ ವಿಷಯವೆಂದು ದುಡಿಯುವವರು ಸುಮ್ಮನಿರಬಾರದು.

ಏಕೆಂದರೆ, 2006ರ ಅರಣ್ಯ ಹಕ್ಕು ಕಾಯಿದೆಯಂತೆ ಬುಡಕಟ್ಟಿಗೆ ಸೇರದ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸವನ್ನು ತೋರಿಸಬೇಕು. ಕುದುರೆಮುಖದ ಕಾಡಂಚಿನ ಬಡವನು ಅಷ್ಟು ಹಳೆಯ ಕಾಗದವನ್ನು ಎಲ್ಲಿಂದ ತರಬೇಕು? ಕಾಯಿದೆಯ ನಿಯಮಗಳು ಸರ್ಕಾರಿ ನಕ್ಷೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಆಳಲೆಂದು ಬರೆದ ಹಾಳೆಯ ಮೇಲಿನ ಒಂದು ಕಾಲುದಾರಿ, ಒಂದು ಗುಡಿ, ನಾಲ್ಕು ಮನೆಗಳ ಚುಕ್ಕೆ ಇಂದು ಅವನ ಪರವಾಗಿ ನುಡಿಯಬಲ್ಲವು.

ನಕ್ಷೆಯಲ್ಲಿ ಚುಕ್ಕೆಯಿಲ್ಲವೆಂದ ಮಾತ್ರಕ್ಕೆ ಅಲ್ಲಿ ಜನರಿರಲಿಲ್ಲವೆಂದು ಯಾವ ಅಧಿಕಾರಿಯೂ ಹೇಳದಿರಲಿ. ಊರ ಹಿರಿಯರ ಹೇಳಿಕೆಯನ್ನೂ ಅದೇ ನಿಯಮಗಳು ಸಾಕ್ಷ್ಯವೆಂದು ಎಣಿಸಿವೆ.

ನಮ್ಮ ಬೇಡಿಕೆ ಸರಳವಾದುದು. ಕರಾವಳಿಯ ಮತ್ತು ಘಟ್ಟದ ಹಳೆಯ ಸರ್ವೆ ಹಾಳೆಗಳ ಪ್ರತಿಗಳು, ಕನ್ನಡದ ಹೆಸರುಗಳೊಡನೆ, ಪ್ರತಿ ಗ್ರಾಮ ಪಂಚಾಯತಿಯಲ್ಲಿ ಪುಕ್ಕಟೆಯಾಗಿ ನೋಡಸಿಗಲಿ. ನೆಲವನ್ನು ಬೆವರಿನಿಂದ ಅಳೆದವರಿಗೆ ಅದರ ನಕ್ಷೆಯನ್ನು ನೋಡುವ ಹಕ್ಕೂ ಉಂಟು.