ಪರೀಕ್ಷೆ ಬದಲಾಯಿತು, ಪಾಠ ಬದಲಾಯಿತೆ?

ಗಣಕಯಂತ್ರಗಳ ಜಾಲವಿದ್ಯೆಯಲ್ಲಿ ಆಸಕ್ತರಾದ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕಾಲೇಜಿನ ಪದವಿಯ ಜೊತೆಗೆ, ಸಿಸ್ಕೊ ಸಂಸ್ಥೆಯವರು ನಡೆಸುವ ‘ಸಿಸಿಎನ್‌ಎ’ ಎಂಬ ಅರ್ಹತಾ ಪರೀಕ್ಷೆಗೂ ಸಿದ್ಧರಾಗುವುದು ವಾಡಿಕೆಯಾಗಿದೆ. 1998ರಲ್ಲಿ ಮೊದಲಾದ ಈ ಪರೀಕ್ಷೆ ಆಗಾಗ ಹೊಸ ರೂಪವನ್ನು ತಾಳುತ್ತ ಬಂದಿದೆ. 2020ರ ಫೆಬ್ರವರಿ 24ರಂದು, ಹಿಂದಿನ ಹಲವು ಪರೀಕ್ಷೆಗಳನ್ನು ಒಂದುಗೂಡಿಸಿದ ‘200-301’ ಜಾರಿಗೆ ಬಂದಿತು. 2024ರ ಆಗಸ್ಟ್ 20ರಂದು ಅದರ ಪಠ್ಯವಿಷಯಗಳು ಪರಿಷ್ಕೃತವಾದುವು. ಇಂತಹ ಬದಲಾವಣೆಯ ಸುದ್ದಿ ಹಬ್ಬಿದೊಡನೆ ವಿದ್ಯಾರ್ಥಿಗಳು ಎರಡು ಪಂಗಡವಾಗುತ್ತಾರೆ. ಹಳೆಯದು ಮುಗಿಯುವ ಮುನ್ನ ಹೇಗಾದರೂ ಬರೆದುಬಿಡೋಣವೆಂದು ಅರೆಸಿದ್ಧತೆಯಲ್ಲಿ ಧಾವಿಸುವವರು ಕೆಲವರು. ಹೊಸ ಪುಸ್ತಕಗಳು ಬರಲೆಂದು ಓದನ್ನೇ ನಿಲ್ಲಿಸಿ ಕುಳಿತುಕೊಳ್ಳುವವರು ಮತ್ತೆ ಕೆಲವರು. ಈ ಎರಡು ಹಾದಿಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಇದು ಸಣ್ಣ ಮಾತಲ್ಲ. 2024ರಲ್ಲಿ ಈ ಪರೀಕ್ಷೆಯ ಶುಲ್ಕ 300 ಡಾಲರು, ಎಂದರೆ ಸುಮಾರು 25,000 ರೂಪಾಯಿ, ತೆರಿಗೆ ಬೇರೆ. ನಮ್ಮಲ್ಲಿ ಎಷ್ಟೋ ಮನೆಗಳ ತಿಂಗಳ ಸಂಪಾದನೆಯೇ ಅಷ್ಟಿರುವುದಿಲ್ಲ. ತೇರ್ಗಡೆಯಾಗದವನು ಮತ್ತೊಮ್ಮೆ ಬರೆಯಬೇಕಾದರೆ ಮತ್ತೊಮ್ಮೆ ಹಣ ತೆರಬೇಕು. ಆದುದರಿಂದ ಏನನ್ನು ಮೊದಲು ಕಲಿಯಬೇಕು, ಎಷ್ಟು ಕಲಿಯಬೇಕು ಎಂಬುದನ್ನು ವಿವೇಚಿಸುವುದು ಅಗತ್ಯ.

ವಾಸ್ತವವಾಗಿ ಬದಲಾದುದೇನು? 2020ರ ಪಾಠಕ್ರಮದಲ್ಲಿ ಆರು ಭಾಗಗಳಿದ್ದುವು: ಜಾಲದ ಮೂಲತತ್ತ್ವಗಳಿಗೆ ಶೇಕಡಾ 20, ಜಾಲಪ್ರವೇಶಕ್ಕೆ 20, ಐಪಿ ಸಂಪರ್ಕಕ್ಕೆ 25, ಐಪಿ ಸೇವೆಗಳಿಗೆ 10, ಭದ್ರತೆಗೆ 15, ಸ್ವಯಂಚಾಲನೆಗೆ 10. 2024ರ ಪರಿಷ್ಕರಣದಲ್ಲಿ ಈ ಪ್ರಮಾಣಗಳು ಒಂದಿಷ್ಟೂ ಕದಲಲಿಲ್ಲ. ಉಪಕರಣಗಳ ಪಟ್ಟಿಯಿಂದ ಪಪೆಟ್, ಶೆಫ್ ಎಂಬುವು ಹೊರಗೆ ಹೋಗಿ, ಆನ್ಸಿಬಲ್ಲಿನ ಪಕ್ಕದಲ್ಲಿ ಟೆರಾಫಾರ್ಮ್ ಬಂದು ಕುಳಿತಿತು. ಕೃತಕ ಬುದ್ಧಿಮತ್ತೆಯ ಬಳಕೆಯ ವಿಷಯ ಸೇರಿತು. ಇವು ಮುಖ್ಯವೇ ಹೌದು. ಆದರೆ ಓದನ್ನು ನಿಲ್ಲಿಸಿ ಕಾಯುವಷ್ಟು ದೊಡ್ಡವಲ್ಲ.

ಜಾಲವಿದ್ಯೆಯಲ್ಲಿ ನಾವು ಕಲಿಯುವುದೆಲ್ಲ ಮೂರು ಬಗೆಯದೆಂದು ನನಗೆ ತೋರುತ್ತದೆ. ಮೊದಲನೆಯದು ನಿಸರ್ಗದ ಮತ್ತು ಗಣಿತದ ನಿಯಮ. ಎರಡನೆಯದು ಜನರು ಕೂಡಿ ಮಾಡಿಕೊಂಡ ಒಪ್ಪಂದ. ಮೂರನೆಯದು ಒಂದು ಸಂಸ್ಥೆಯ ರೂಢಿ.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಿಂದ ಚಲಿಸುತ್ತದೆ. ಬೆಂಗಳೂರಿಗೂ ದೆಹಲಿಗೂ ನೇರ ದೂರ ಸುಮಾರು 1,740 ಕಿಲೋಮೀಟರ್. ಅಂದ ಮೇಲೆ ಇಂತಹ ಎಳೆಯ ಮೂಲಕ ಒಂದು ಸಂದೇಶ ಹೋಗಿ ಉತ್ತರ ಹಿಂದಿರುಗಲು 17 ಮಿಲಿಸೆಕೆಂಡಾದರೂ ಹಿಡಿಯಲೇಬೇಕು. ಎಷ್ಟು ಬೆಲೆಯ ಯಂತ್ರವನ್ನು ತಂದಿಟ್ಟರೂ ಇದು ತಗ್ಗದು. ಇದು ನಿಯಮ.

1981ರಲ್ಲಿ ನಿರೂಪಿತವಾದ ನಾಲ್ಕನೆಯ ಆವೃತ್ತಿಯ ಐಪಿ ವಿಳಾಸಕ್ಕೆ 32 ಬಿಟ್‌ಗಳಿರಬೇಕೆಂಬುದು ಒಪ್ಪಂದ. ಇದರಿಂದ ದೊರೆಯುವ ವಿಳಾಸಗಳು ಸುಮಾರು 430 ಕೋಟಿ. ಅವು ಸಾಲದೆ ಹೋದುದರಿಂದ 128 ಬಿಟ್‌ಗಳ ಆರನೆಯ ಆವೃತ್ತಿ ಹುಟ್ಟಿತು. ಆದರೂ ಹಳೆಯದು ಇಂದಿಗೂ ಬಳಕೆಯಲ್ಲಿದೆ. ಒಪ್ಪಂದಗಳು ದಶಕಗಳಿಗೊಮ್ಮೆ ಬದಲಾಗುತ್ತವೆ. ಇನ್ನು ಯಾವ ಯಂತ್ರಕ್ಕೆ ಯಾವ ಆಜ್ಞೆಯನ್ನು ಬರೆಯಬೇಕು, ಯಾವ ಉಪಕರಣ ಪಟ್ಟಿಯಲ್ಲಿರಬೇಕು ಎಂಬುವೆಲ್ಲ ರೂಢಿ. ಅವು ನಾಲ್ಕಾರು ವರ್ಷಗಳಲ್ಲಿ ಮಾರ್ಪಡುತ್ತವೆ. ಪರೀಕ್ಷೆಯ ಪರಿಷ್ಕರಣ ತಟ್ಟುವುದು ಬಹುಮಟ್ಟಿಗೆ ಈ ಮೂರನೆಯ ಬಗೆಯನ್ನು. ನಮ್ಮ ವಿದ್ಯಾರ್ಥಿಗಳಾದರೋ ತಮ್ಮ ಕಾಲದ ಬಹುಭಾಗವನ್ನು ಉರುಹಚ್ಚುವುದರಲ್ಲಿ ಕಳೆಯುವುದೂ ಇದರ ಮೇಲೆಯೇ!

ಒಂದು ಲೆಕ್ಕವನ್ನು ನೋಡೋಣ. 192.168.10.77 ಎಂಬ ವಿಳಾಸವಿದೆ. ಮೊದಲ 26 ಬಿಟ್‌ಗಳು ಉಪಜಾಲವನ್ನು ಸೂಚಿಸುತ್ತವೆ. ಇದು ಯಾವ ಉಪಜಾಲಕ್ಕೆ ಸೇರಿದುದು? ಕೊನೆಯ ಅಂಕ 77ನ್ನು ದ್ವಿಮಾನದಲ್ಲಿ ಬರೆದರೆ 01001101. ಮೊದಲ ಮೂರು ಅಂಕಗಳಲ್ಲಿ 24 ಬಿಟ್‌ಗಳು ಮುಗಿದಿರುವುದರಿಂದ ಇಲ್ಲಿ ಉಪಜಾಲಕ್ಕೆ ಸೇರುವುವು ಎಡಗಡೆಯ ಎರಡು ಮಾತ್ರ, ಎಂದರೆ 01. ಉಳಿದ ಆರನ್ನು ಸೊನ್ನೆ ಮಾಡಿದರೆ 64. ಒಂದು ಮಾಡಿದರೆ 127. ಆದುದರಿಂದ ಉಪಜಾಲ 64ರಿಂದ 127ರವರೆಗೆ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಸಾರುವ ಸಂದೇಶಕ್ಕೆ ಮೀಸಲಾಗಿ, ಯಂತ್ರಗಳಿಗೆ ಉಳಿಯುವ ವಿಳಾಸಗಳು 62. ಇದನ್ನು ತಿಳಿದು ಮಾಡಬಲ್ಲವನಿಗೆ ಯಾವ ಪರಿಷ್ಕರಣದ ಭಯವೂ ಇಲ್ಲ.

ಮಾರ್ಗನಿರ್ಣಯದ ಮಾತೂ ಹೀಗೆಯೇ. 2020ರಲ್ಲಿ ಆರ್‌ಐಪಿ, ಇಐಜಿಆರ್‌ಪಿ ಎಂಬ ಪದ್ಧತಿಗಳನ್ನು ಪಾಠಕ್ರಮದಿಂದ ಕೈಬಿಟ್ಟು ಓಎಸ್‌ಪಿಎಫ್ ಒಂದನ್ನು ಉಳಿಸಿಕೊಂಡರು. ಅದರ ತಿರುಳು ಡಚ್ ವಿದ್ವಾಂಸ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕನಿಷ್ಠ ಮಾರ್ಗದ ಗಣಿತ. ಹಾಳೆಯ ಮೇಲೆ ಐದಾರು ಊರುಗಳನ್ನು ಗುರುತಿಸಿ, ನಡುವಣ ದೂರಗಳನ್ನು ಬರೆದು ಆ ಗಣಿತವನ್ನು ಒಮ್ಮೆ ಕೈಯಾರೆ ಮಾಡಿದವನಿಗೆ ಆಜ್ಞೆಗಳು ತಾವಾಗಿ ಅರ್ಥವಾಗುತ್ತವೆ.

“ಉದ್ಯೋಗ ಕೊಡುವವರು ಕೇಳುವುದು ಹೊಸ ಉಪಕರಣವನ್ನು, ಹಳೆಯ ಗಣಿತವನ್ನಲ್ಲ” ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಹೊಸ ಉಪಕರಣವನ್ನು ಕಲಿಯಲೇಬೇಕು. ಆದರೆ ಜಾಲವು ಏಕೆ ಕೆಲಸ ಮಾಡುತ್ತಿದೆಯೆಂದು ತಿಳಿಯದವನು, ಅದು ಕೆಟ್ಟು ನಿಂತಾಗ ಉಪಕರಣವನ್ನು ಹಿಡಿದು ಏನು ಮಾಡಿಯಾನು? ಸ್ವಯಂಚಾಲಿತ ಉಪಕರಣವು ತಿಳಿದವನ ಶ್ರಮವನ್ನು ಉಳಿಸುತ್ತದೆ. ತಿಳಿಯದವನ ತಪ್ಪನ್ನಾದರೋ ನೂರು ಯಂತ್ರಗಳಿಗೆ ಒಮ್ಮೆಗೇ ಹಂಚಿಬಿಡುತ್ತದೆ.

ಹಾಗಾದರೆ ಮಾಡತಕ್ಕುದೇನು? ಸಂಸ್ಥೆಯವರೇ ಪ್ರಕಟಿಸುವ ಹಳೆಯ ಮತ್ತು ಹೊಸ ವಿಷಯಪಟ್ಟಿಗಳನ್ನು ಎದುರುಬದುರಾಗಿ ಇಟ್ಟುಕೊಂಡು, ಎರಡರಲ್ಲಿಯೂ ಇರುವುದನ್ನು ಇಂದೇ ಆರಂಭಿಸಿರಿ. ಹೊಸದಾಗಿ ಸೇರಿದುದನ್ನು ಕೊನೆಯ ಕೆಲವು ವಾರಗಳಿಗೆ ಇರಿಸಿಕೊಳ್ಳಿರಿ. ಓದಿದುದನ್ನು ಪ್ಯಾಕೆಟ್ ಟ್ರೇಸರಿನಲ್ಲಿ ಕಟ್ಟಿ ನೋಡಿರಿ. ಉಚಿತವಾಗಿ ದೊರೆಯುವ ಈ ಸಾಧನದಲ್ಲಿ ಯಂತ್ರಗಳನ್ನು ಕೊಳ್ಳದೆಯೇ ಜಾಲವನ್ನು ರಚಿಸಬಹುದು. ಕಟ್ಟಿದುದನ್ನು ಬೇಕೆಂದೇ ಕೆಡಿಸಿ, ಮತ್ತೆ ಸರಿಪಡಿಸಿರಿ. ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಮಾರುವವರ ಕಟ್ಟುಗಳನ್ನು ಮುಟ್ಟಬೇಡಿರಿ. ಅದು ಪರೀಕ್ಷೆಯ ನಿಯಮಕ್ಕೆ ವಿರುದ್ಧವಾದುದಷ್ಟೇ ಅಲ್ಲ, ಪಡೆದ ಪ್ರಮಾಣಪತ್ರವನ್ನು ಕಳೆಯತಕ್ಕ ಅಪರಾಧ.

ಈ ಪ್ರಮಾಣಪತ್ರಕ್ಕೆ ಮೂರು ವರ್ಷಗಳ ಆಯುಷ್ಯ ಮಾತ್ರ. ಅದು ತೀರಿದ ಮೇಲೂ ದ್ವಿಮಾನದ ಲೆಕ್ಕ ನಿಮ್ಮ ಕೈಯಲ್ಲಿ ಉಳಿದಿದ್ದರೆ, ತೆತ್ತ ಹಣ ವ್ಯರ್ಥವಾಗಲಿಲ್ಲವೆಂದು ತಿಳಿಯಿರಿ.