ಮತ್ತೆ ಮಾಡಿ ತೋರಿಸಲಾಗದ ದೋಷ

1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಮಂಗಳನ ನೆಲಕ್ಕಿಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರು ತಾನಾಗಿಯೇ ರೀಸೆಟ್ ಆಗತೊಡಗಿತು. ಹಾಗಾದಾಗಲೆಲ್ಲ ಆ ದಿನ ಉಳಿದಿದ್ದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ. ಪ್ರೋಗ್ರಾಮಿನ ಒಂದೊಂದೇ ಭಾಗವನ್ನು ಬಿಡಿಸಿ ಓದಿದರೆ ಯಾವುದರಲ್ಲೂ ತಪ್ಪು ಕಾಣುತ್ತಿರಲಿಲ್ಲ.

ತಪ್ಪಿದ್ದದ್ದು ಭಾಗಗಳ ನಡುವಿನ ಸರದಿಯಲ್ಲಿ. ಹಲವು ಕೆಲಸಗಳನ್ನು ಒಟ್ಟಿಗೆ ಸಾಗಿಸಬೇಕಾದ ಪ್ರೋಗ್ರಾಮನ್ನು ಥ್ರೆಡ್‌ಗಳಾಗಿ ಒಡೆಯುತ್ತಾರೆ. ಯಾವ ಥ್ರೆಡ್ ಯಾವ ಕ್ಷಣ ಓಡಬೇಕೆಂಬುದು ಆಪರೇಟಿಂಗ್ ಸಿಸ್ಟಮ್‌ನ ತೀರ್ಮಾನ. ಇವತ್ತಿನ ಸರದಿ ನಾಳೆಗಿಲ್ಲ. ಎಲ್ಲರೂ ಬಳಸುವ ಮಾಹಿತಿಗೆ ಒಂದು ಲಾಕ್ ಇರುತ್ತದೆ, ಒಮ್ಮೆಗೆ ಒಬ್ಬರಿಗೆ ಮಾತ್ರ ಪ್ರವೇಶ.

ತಾಲ್ಲೂಕು ಕಚೇರಿಯೊಂದನ್ನು ನೆನೆಯಿರಿ. ರಿಜಿಸ್ಟರು ಗುಮಾಸ್ತನ ಬೀರುವಿನಲ್ಲಿದೆ, ಬೀಗದ ಕೈ ಅವನ ಜೇಬಿನಲ್ಲಿ. ತಹಶೀಲ್ದಾರರಿಗೆ ಅದು ಈಗಲೇ ಬೇಕು. ಅಷ್ಟರಲ್ಲಿ ಶಿರಸ್ತೇದಾರರು ಗುಮಾಸ್ತನನ್ನು ಬೇರೆ ಕೆಲಸಕ್ಕೆ ಹಚ್ಚಿದ್ದಾರೆ. ಕಚೇರಿಯ ದೊಡ್ಡವರೇ ಕಾದು ಕೂರಬೇಕು! ಪಾಥ್‌ಫೈಂಡರ್‌ನಲ್ಲಿ ಹವಾಮಾನದ ಮಾಹಿತಿ ಕಲೆಹಾಕುವ ಥ್ರೆಡ್ ಗುಮಾಸ್ತ, ಮಾಹಿತಿ ಸಾಗಣೆಯ ಹಾದಿಯನ್ನು ನೋಡಿಕೊಳ್ಳುವ ಥ್ರೆಡ್ ತಹಶೀಲ್ದಾರ, ನಡುವೆ ನುಗ್ಗಿದ್ದು ಮಧ್ಯಮ ಆದ್ಯತೆಯ ಇತರ ಕೆಲಸ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ, ಏನೋ ಕೆಟ್ಟಿದೆ ಎಂದುಕೊಂಡು ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು.

ಇಂಥದ್ದನ್ನು ಹಿಡಿಯುವುದೇ ಕಷ್ಟ. ಸಾಮಾನ್ಯ ದೋಷವಾದರೆ ಪ್ರೋಗ್ರಾಮನ್ನು ಅಲ್ಲಲ್ಲಿ ನಿಲ್ಲಿಸಿ ಒಳಗೆ ಇಣುಕಬಹುದು. ಥ್ರೆಡ್‌ಗಳನ್ನು ನಿಲ್ಲಿಸಿದರೆ ಸರದಿಯೇ ಬದಲಾಗುತ್ತದೆ. ಒಂದು ಪ್ರಿಂಟ್ ಸಾಲು ಸೇರಿಸಿದ್ದಕ್ಕೇ ದೋಷ ಮಾಯವಾಗುವುದುಂಟು. ಪ್ರೋಗ್ರಾಮರುಗಳು ಇದಕ್ಕೆ ಹೈಸೆನ್‌ಬಗ್ ಎನ್ನುತ್ತಾರೆ. ತಮಾಷೆಯ ಹೆಸರು, ಅನುಭವಿಸಿದವರಿಗೆ ತಮಾಷೆಯಲ್ಲ.

ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ಊಹೆಗೆ ಹೋಗಲಿಲ್ಲ. ನೌಕೆಯಲ್ಲಿದ್ದಂಥದೇ ವ್ಯವಸ್ಥೆಯನ್ನು ಭೂಮಿಯ ಮೇಲೆ ಓಡಿಸಿ, ಯಾವ ಥ್ರೆಡ್ ಯಾವಾಗ ಓಡಿತು, ಯಾವ ಲಾಕ್ ಯಾರ ಕೈಯಲ್ಲಿತ್ತು ಎಂಬುದನ್ನೆಲ್ಲ ದಾಖಲಿಸುತ್ತ, ರೀಸೆಟ್ ಆಗುವ ತನಕ ಕಾದರು. ಆದದ್ದೇ ತಡ, ದಾಖಲೆಯಲ್ಲಿ ಕಾರಣ ಸಿಕ್ಕಿತು. ಪರಿಹಾರ 1990ರಲ್ಲೇ ಲುಯಿ ಶಾ, ರಾಜ್‌ಕುಮಾರ್, ಲೆಹೊಸ್ಕಿ ಅವರ ಪ್ರಬಂಧದಲ್ಲಿತ್ತು: ಲಾಕ್ ಹಿಡಿದವನಿಗೆ, ಅದನ್ನು ಬಿಡುವವರೆಗೆ, ಕಾಯುತ್ತಿರುವವನ ಆದ್ಯತೆಯನ್ನೇ ಕೊಡುವುದು. ಆ ಸೌಲಭ್ಯ ನೌಕೆಯ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇತ್ತು, ಆ ಲಾಕ್‌ಗೆ ಮಾತ್ರ ಚಾಲೂ ಆಗಿರಲಿಲ್ಲ. ಭೂಮಿಯಿಂದಲೇ ತಿದ್ದುಪಡಿ ಕಳಿಸಿ ಅದನ್ನು ಚಾಲೂ ಮಾಡಿದರು.

ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲೂ ಈ ರೀಸೆಟ್ ಅಪರೂಪಕ್ಕೆ ತಲೆಹಾಕಿತ್ತು. ಮತ್ತೆ ಮಾಡಿ ತೋರಿಸಲು ಆಗಲಿಲ್ಲವೆಂದು ಅದು ಪಕ್ಕಕ್ಕೆ ಸರಿಯಿತು. ಇಂದು ಥ್ರೆಡ್‌ಸ್ಯಾನಿಟೈಸರ್‌ನಂಥ ಸಲಕರಣೆಗಳು ಲಾಕ್ ಇಲ್ಲದೆ ಹಂಚಿಕೊಂಡ ಮಾಹಿತಿಯನ್ನು ಪತ್ತೆ ಹಚ್ಚುತ್ತವೆ, ಆರ್‌ಆರ್ ಎಂಬುದು ಪ್ರೋಗ್ರಾಮಿನ ಒಂದು ಓಟವನ್ನು ದಾಖಲಿಸಿ ಹಾಗೆಯೇ ಮರುಓಡಿಸುತ್ತದೆ. ಅವಿದ್ದೂ, ಬಳಕೆದಾರ ‘ಒಮ್ಮೆ ಹೀಗಾಯ್ತು’ ಎಂದಾಗ ‘ನಮ್ಮಲ್ಲಿ ಹಾಗಾಗುತ್ತಿಲ್ಲವಲ್ಲ’ ಎನ್ನುವ ಉತ್ತರ ಸಾಲದು. ಥ್ರೆಡ್‌ಗಳ ವಿಷಯದಲ್ಲಿ ಒಮ್ಮೆ ಆದದ್ದು ದೂರು ದಾಖಲಿಸಿಕೊಳ್ಳಲು ಸಾಕಾದ ಸಾಕ್ಷಿ.