ತಲೆಬುರುಡೆ ಸಾಕು, ‘ಹಗೂರಕ ಬಾ’ ಅನ್ರಿ

ಜನವರಿ ಬಂತಂದ್ರೆ ರಸ್ತೆ ಸುರಕ್ಷತಾ ಮಾಸ, ಕಾಲೇಜುಗಳಲ್ಲಿ ಪೋಸ್ಟರ್ ಸ್ಪರ್ಧೆ. ಒಂದು ತಲೆಬುರುಡೆ, ಸ್ವಲ್ಪ ಕೆಂಪು ಬಣ್ಣ, ಕೆಳಗೆ ‘ಅವಸರವೇ ಅಪಘಾತಕ್ಕೆ ಕಾರಣ’. ಬಹುಮಾನನೂ ಬರುತ್ತೆ. ಆದ್ರೆ ನವಲಗುಂದ ರೋಡಲ್ಲಿ ಬೈಕ್ ಓಡಿಸೋ ನಮ್ಮ ವಯಸ್ಸಿನ ಹುಡುಗ ಅದನ್ನ ನೋಡಿ ಸ್ಪೀಡ್ ಕಡಿಮೆ ಮಾಡ್ತಾನಾ? ನನಗಂತೂ ನಂಬಿಕೆ ಇಲ್ಲ.

ಡಿಸೈನ್ ಮಾಡೋ ಮೊದಲು ಸೈಟ್ ನೋಡಬೇಕು ಅಂತ ನಮಗೆ ಕಲಿಸ್ತಾರೆ. ನಮ್ಮ ಸೈಟ್ ನೋಡ್ರಿ. ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲಗಳ ನಡುವೆ ರಸ್ತೆ ನೆಟ್ಟಗೆ, ಮಟ್ಟಸ. ಆಕ್ಸಿಲರೇಟರ್ ತಾನಾಗೇ ತಿರುಗುತ್ತೆ. ಸುಗ್ಗಿಯಲ್ಲಿ ಅದೇ ರಸ್ತೆ ಕಣ ಆಗಿ ಹೆಸರು, ಕಡಲೆ ಒಣಗ್ತಿರುತ್ತೆ. ಕತ್ತಲಾದ್ರೆ ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಹುಣ್ಣಿಮೆ ಬಂದ್ರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು, ನಡ್ಕೊಂಡು ಹೋಗೋ ಭಕ್ತರು. ಇವ್ಯಾವೂ ಇಲ್ಲದ ಪೋಸ್ಟರ್ ಯಾವ ಊರಿಗಾದ್ರೂ ನಡೆಯುತ್ತೆ, ಅದಕ್ಕೇ ಯಾವ ಊರಿಗೂ ತಟ್ಟಲ್ಲ.

ಲೆಕ್ಕನೂ ಹಾಕೋಣ. ದಾರಿ 35 ಕಿ.ಮೀ. ಅಂತ ಹಿಡೀರಿ. ಗಂಟೆಗೆ 60ರಲ್ಲಿ ಹೋದ್ರೆ 35 ನಿಮಿಷ, 80ರಲ್ಲಿ ಸುಮಾರು 26. ಉಳಿಯೋದು 9 ನಿಮಿಷ. ಆದ್ರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲೋಕೆ ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತೆ, ಅಂದ್ರೆ ಸುಮಾರು 1.8 ಪಟ್ಟು. ಮುಂದೆ ಚಕ್ಕಡಿ ಇದ್ರೆ?

‘ತಪ್ಪು ರಸ್ತೆದು’ ಅಂತೀರಿ. ಅದೂ ಖರೆ. 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಹತ್ತಿರ ಬೈಪಾಸ್‌ನಲ್ಲಿ ಟೆಂಪೋ ಟ್ರಾವೆಲರ್‌ಗೂ ಟಿಪ್ಪರ್‌ಗೂ ಡಿಕ್ಕಿಯಾಗಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗುಂಪಿನಲ್ಲಿ ಹಲವರು ಜೀವ ಕಳ್ಕೊಂಡ್ರು. ಆಮೇಲೆ ಬೈಪಾಸ್ ಅಗಲ ಮಾಡ್ರಿ ಅನ್ನೋ ಕೂಗು ಇನ್ನೂ ಜೋರಾಯ್ತು. ಅಗಲ ಆಗ್ಲೇಬೇಕು. ಆದ್ರೆ ಅಗಲ ರಸ್ತೆ ನಮ್ಮ ಸ್ಪೀಡ್ ಇಳಿಸಲ್ಲ. ಕುಂದಗೋಳ, ಕಲಘಟಗಿಯ ಹಳ್ಳಿ ರಸ್ತೆಗಳೆಲ್ಲ ಅಗಲ ಆಗೋವರೆಗೆ ಕಾಯೋಕೂ ಆಗಲ್ಲ.

ನನ್ನ ಪ್ರಕಾರ ಎಷ್ಟೋ ಸಲ ಅವಸರ ಮನೆಯಿಂದಲೇ ಶುರುವಾಗುತ್ತೆ. ‘ಎಲ್ಲಿದ್ದಿ? ಲಗೂನ ಬಾ.’ ಹಂಗಾಗಿ ಪ್ರಚಾರ ಮನೆಯವರಿಗೂ ಮುಟ್ಟಬೇಕು. ಅವ್ವ ಫೋನ್‌ನಲ್ಲಿ ‘ಹಗೂರಕ ಬಾ, ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ’ ಅನ್ನೋ ಚಿತ್ರ ಬರೀರಿ. ಅದನ್ನ ಕಾಲೇಜ್ ಕಾರಿಡಾರ್‌ನಲ್ಲಿ ಅಂಟಿಸೋದು ಬಿಟ್ಟು ಪೆಟ್ರೋಲ್ ಬಂಕ್, ಎಪಿಎಂಸಿ, ಊರ ಚಹಾದಂಗಡಿಗೆ ಒಯ್ಯಿರಿ. ಜೊತೆಗೆ ಒಂದು ರೋಲ್ ರಿಫ್ಲೆಕ್ಟರ್ ಟೇಪ್ ಇರಲಿ, ಅಲ್ಲಿ ನಿಂತ ಟ್ರೇಲರ್‌ಗಳಿಗೆ ಕೇಳಿ ಹಚ್ಚಿ ಬರೋಣ. ಬಹುಮಾನ ಬರದಿದ್ರೂ ನಡೀತದ.